ಖಾಲಿ ಟ್ಯೂಬ್‌ನಲ್ಲಿ ಬಂದ ಸಿಗ್ನಲ್

ಮಳೆಗಾಲದಲ್ಲಿ ಕಾಸರಗೋಡಿನ ಲ್ಯಾಬ್‌ನಲ್ಲಿ ಐಸ್‌ನಿಂದ ತೆಗೆದ ಟ್ಯೂಬ್‌ಗೆ ಕ್ಷಣದಲ್ಲಿ ನೀರು ಕಟ್ಟುತ್ತದೆ. ಒರೆಸದೆ ಮುಚ್ಚಳ ತೆಗೆದರೆ ಆ ಹನಿ ಒಳಗೆ ಬೀಳಬಹುದು. ಒಂದೇ ಒಂದು ಜೀವಕೋಶದ ಆರ್‌ಎನ್‌ಎ (ಡಿಎನ್‌ಎ ನೋಡಿ ಕೋಶ ಮಾಡಿಕೊಳ್ಳುವ ನಕಲು) ಅಳೆಯುವವನಿಗೆ ಇದು ಸಣ್ಣ ವಿಷಯ ಅಲ್ಲ.

ನಾನು ತೆಗೆದುಕೊಂಡದ್ದು ಹೀಲಾ ಕೋಶಗಳನ್ನು, ಅಂದರೆ ಲ್ಯಾಬ್‌ಗಳಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳನ್ನು. ಇಂಥ ಒಂದು ಕೋಶದಲ್ಲಿರುವ ಒಟ್ಟು ಆರ್‌ಎನ್‌ಎ ಸುಮಾರು 10ರಿಂದ 30 ಪಿಕೋಗ್ರಾಂ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಗ್ರಾಂ. ಅದರಲ್ಲೂ ನಮಗೆ ಬೇಕಾದ ಎಂಆರ್‌ಎನ್‌ಎ (ಪ್ರೋಟೀನ್ ಮಾಡುವ ಸೂಚನೆ ಹೊತ್ತ ಆರ್‌ಎನ್‌ಎ) ನೂರಕ್ಕೆ 1ರಿಂದ 5 ಪಾಲು ಅಷ್ಟೆ. ಶುದ್ಧ ಮಾಡಲು ಹೋದರೆ ಇದ್ದದ್ದೂ ಹೋಗುತ್ತದೆ. ಹಾಗಾಗಿ ಕೋಶವನ್ನು ಟ್ಯೂಬ್‌ನಲ್ಲೇ ಒಡೆದು, ಅಲ್ಲೇ ಆರ್‌ಎನ್‌ಎಯಿಂದ ಸಿಡಿಎನ್‌ಎ (ಅದರ ಡಿಎನ್‌ಎ ಪ್ರತಿ) ಮಾಡಿ, ಡಿಎನ್‌ಎಯನ್ನು ಸುತ್ತು ಸುತ್ತಾಗಿ ಹೆಚ್ಚಿಸುವ ಪಿಸಿಆರ್‌ಗೆ ಹಾಕಿದೆ.

ಕೋಶ ಇದ್ದ ಟ್ಯೂಬ್‌ಗಳಲ್ಲಿ ಹೆಚ್ಚಿನವು 31ನೇ ಸೈಕಲ್ (ಸುತ್ತು) ಹತ್ತಿರ ಎದ್ದವು, ಅಂದರೆ ಸಿಗ್ನಲ್ ತೋರಿಸಿದವು. ಡಿಎನ್‌ಎ ಕಡಿಮೆ ಇದ್ದಷ್ಟೂ ಏಳುವುದು ತಡ. ಆದರೆ ಬರೀ ನೀರು ಹಾಕಿದ ಟ್ಯೂಬ್ ಕೂಡ 35ರಲ್ಲಿ ಎದ್ದಿತು! ಡಿಎನ್‌ಎ ಸೈಕಲ್‌ಗೊಮ್ಮೆ ಇಮ್ಮಡಿ, ಅಂದರೆ 16 ಪಟ್ಟು ವ್ಯತ್ಯಾಸ. "ಬಿಡು ಮಾರಾಯ, ಅಷ್ಟು ಸಾಕು" ಎಂದ ಗೆಳೆಯ. ಸಾಕಾಗುವುದಿಲ್ಲ. ಕೆಲವು ಕೋಶಗಳೂ 34, 35ರಲ್ಲೇ ಎದ್ದಿದ್ದವು. ಅವು ನಿಜವೋ ಸುಳ್ಳೋ ಹೇಳುವುದು ಹೇಗೆ?

ನೀರು ಬದಲಿಸಿದೆ, ಪ್ರೈಮರ್ (ಪ್ರತಿ ಮಾಡುವುದನ್ನು ಶುರು ಮಾಡಿಸುವ ಡಿಎನ್‌ಎ ತುಣುಕು) ಬದಲಿಸಿದೆ. ಸುಮ್ನೆ ಎರಡು ವಾರ ಹೋಯಿತು. ಕೊನೆಗೆ ಆರ್‌ಎನ್‌ಎಯನ್ನು ಸಿಡಿಎನ್‌ಎ ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದೆಯೂ ನೀರಿನ ಟ್ಯೂಬ್ ನಡೆಸಿದೆ. ಅದೂ ಎದ್ದಿತು. ಹಾಗಾದರೆ ಸೇರಿದ್ದು ಆರ್‌ಎನ್‌ಎ ಅಲ್ಲ, ಡಿಎನ್‌ಎ. ಆಗ ನೆನಪಾಯಿತು: ಹಿಂದೊಮ್ಮೆ ಪಿಸಿಆರ್ ಮುಗಿದ ಟ್ಯೂಬ್ ಅದೇ ಮೇಜಿನ ಮೇಲೆ ತೆರೆದಿದ್ದೆ. ಅದರಲ್ಲಿ ಕೋಟಿಗಟ್ಟಲೆ ಪ್ರತಿಗಳು. ಕಣ್ಣಿಗೆ ಕಾಣದ ತುಂತುರು ಸಾಕು, ಅಲ್ವಾ?

ಮೇಜು, ಪಿಪೆಟ್ (ಹನಿ ಅಳೆದು ಹಾಕುವ ಸಾಧನ) ಎಲ್ಲ ಡಿಎನ್‌ಎ ಹಾಳು ಮಾಡುವ ಬ್ಲೀಚ್‌ನಿಂದ ಒರೆಸಿದೆ. ಪಿಪೆಟ್‌ನ ತುದಿಗೆ ಫಿಲ್ಟರ್ ಇರುವ ಟಿಪ್ ತಂದೆ. ಮುಗಿದ ಟ್ಯೂಬ್ ತೆರೆಯುವುದು ಬೇರೆ ಕೋಣೆಯಲ್ಲಿ, ಬೇರೆ ಪಿಪೆಟ್‌ನಲ್ಲಿ. ನೀರಿನ ಟ್ಯೂಬ್ 40 ಸೈಕಲ್‌ವರೆಗೂ ಮಲಗಿತು.

ಇನ್ನೊಂದು ಪರೀಕ್ಷೆ ಉಳಿದಿತ್ತು: ಒಂದೇ ಪ್ರತಿ ಇದ್ದರೂ ನನ್ನ ಪಿಸಿಆರ್ ಹಿಡಿಯುತ್ತದೆಯೇ? ಅಂಗಳದಲ್ಲಿ ಲೋಟಗಳನ್ನು ಸಾಲಾಗಿಟ್ಟರೆ ಮಳೆಯ ಮೊದಲ ಹನಿಗಳು ಕೆಲವಕ್ಕೆ ಎರಡು ಬೀಳುತ್ತವೆ, ಕೆಲವಕ್ಕೆ ಒಂದೂ ಇಲ್ಲ. ಡಿಎನ್‌ಎಯನ್ನು ಸರಾಸರಿ ಟ್ಯೂಬ್‌ಗೆ ಒಂದೇ ಪ್ರತಿ ಬರುವಷ್ಟು ತೆಳು ಮಾಡಿದರೂ ಹಾಗೇ, ನೂರಕ್ಕೆ ಸುಮಾರು 37 ಖಾಲಿ ಇರಬೇಕು. ನನ್ನ 32ರಲ್ಲಿ 12 ಖಾಲಿ ಬಂದವು. ಆ ರಾತ್ರಿ ನೆಮ್ಮದಿಯಿಂದ ಊಟ ಮಾಡಿದೆ.