ಜನರ ಜೊತೆ ಕೆಲಸ ಬೇಕು, ಲೆಕ್ಕ ಬೇಡ ಅನ್ನುವವರಿಗೆ

ಇಂಟರ್‌ವ್ಯೂನಲ್ಲಿ ಇದೊಂದು ಕೇಳಿ: "ತಿಂಗಳ ಕೊನೆಗೆ ನಾನು ಏನು ಬರೆದು ಕೊಡಬೇಕು?" ಟಾರ್ಗೆಟ್, ಕಲೆಕ್ಷನ್, ಸ್ಟಾಕ್ ಅಂದರೆ ಅದು ಲೆಕ್ಕದ ಕೆಲಸವೇ, ಹುದ್ದೆಯ ಹೆಸರು ರಿಲೇಶನ್‌ಶಿಪ್ ಆಫೀಸರ್ ಅಂತಿದ್ದರೂ! ಮಗು ಯಾವ ಹೊಸ ಮಾತು ಕಲಿತಿತು, ಅಜ್ಜಿ ಸರಿಯಾಗಿ ಊಟ ಮಾಡಿದರಾ ಅಂತ ಬರೆಯುವ ಕೆಲಸವಾದರೆ ಧೈರ್ಯವಾಗಿ ಸೇರಿ. ವಿಶೇಷ ಮಕ್ಕಳ ಶಾಲೆ, ವೃದ್ಧಾಶ್ರಮ, ಸ್ಪೀಚ್ ಥೆರಪಿ ಇಂಥವು. ಜಾಹೀರಾತಿನಲ್ಲಿ ಎಲ್ಲರೂ "ಜನರೊಂದಿಗೆ ಬೆರೆಯುವವರು ಬೇಕು" ಅಂತಲೇ ಹಾಕುತ್ತಾರೆ, ಅಂಕಿಗಳು ರಿಪೋರ್ಟಿನಲ್ಲಿ ಅಡಗಿರುತ್ತವೆ. ಸಣ್ಣ ಕ್ಲಿನಿಕ್‌ಗಳಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ರೋಗಿಯನ್ನು ಮಾತಾಡಿಸುವವರೇ ಬಿಲ್ಲೂ ಹಾಕಬೇಕು, ಅಲ್ವಾ? ನರ್ಸಿಂಗ್‌ನಲ್ಲೂ ಡೋಸ್, ಡ್ರಿಪ್ ಲೆಕ್ಕ ತಪ್ಪಿದ್ದಲ್ಲ. ಅಂಗನವಾಡಿಯಲ್ಲಂತೂ ಮಕ್ಕಳ ತೂಕ, ಎತ್ತರ, ರೇಷನ್ ಬರೆಯುವ ಕೆಲಸವೂ ಸಾಕಷ್ಟಿರುತ್ತದೆ.