ಡೆಲಿವರ್ಡ್ ಅಂತ ಬಂತು, ಪಾರ್ಸೆಲ್ ಮಾತ್ರ ಸಿಗ್ಲಿಲ್ಲ: ಕೊನೆಗೆ ಪತ್ತೆ ಮಾಡಿದ್ದು ಹೀಗೆ

ನಾನು ಡೊಂಬಿವಲಿಯಿಂದ ಇಳಕಲ್ ಸೀರೆ ಆನ್‌ಲೈನ್ ಮಾರ್ತೀನಿ. ಪುಣೆ ಕೊಥ್ರೂಡ್‌ಗೆ ಕಳ್ಸಿದ್ದ ಸೀರೆ ಟ್ರ್ಯಾಕಿಂಗ್‌ನಲ್ಲಿ ಡೆಲಿವರ್ಡ್ ಅಂತ ತೋರಿಸ್ತಿತ್ತು, ಕಸ್ಟಮರ್‌ಗೆ ಬಂದೇ ಇರ್ಲಿಲ್ಲ. ಕುರಿಯರ್‌ನವ್ರಿಗೆ ಫೋನ್ ಮಾಡಿದಾಗೆಲ್ಲ ಹೊಸ ಕಂಪ್ಲೇಂಟ್ ಟಿಕೆಟ್, ಆಮೇಲೆ ಅದೇ ಕ್ಲೋಸ್. ಬುಕಿಂಗ್ ಕೌಂಟರ್‌ಗೆ ಹೋದ್ರೂ "ಸಿಸ್ಟಮ್‌ನಲ್ಲಿ ಡೆಲಿವರ್ಡ್ ಇದೆಯಲ್ಲ" ಅಷ್ಟೇ. ಟ್ರ್ಯಾಕಿಂಗ್ ಸ್ಕ್ರೀನ್‌ಶಾಟ್ ಕಳ್ಸೋದಂತೂ ದಂಡ, ಅದು ಅವ್ರ ಕಡೆಗೇ ಸಾಕ್ಷಿ.

ಕೆಲ್ಸ ಆಗಿದ್ದು ಪಿಒಡಿ, ಅಂದ್ರೆ ಪ್ರೂಫ್ ಆಫ್ ಡೆಲಿವರಿ ಕೇಳಿದ್ಮೇಲೆ. ಫೋನಲ್ಲಿ ಅಲ್ಲ, ಮೇಲ್‌ನಲ್ಲೇ ಕೇಳಿ. ಸಬ್ಜೆಕ್ಟ್‌ನಲ್ಲಿ ಟ್ರ್ಯಾಕಿಂಗ್ ನಂಬರ್, ಒಳಗೆ ಬುಕಿಂಗ್ ತೂಕ, ಇನ್‌ವಾಯ್ಸ್, ಬಂದಿಲ್ಲ ಅಂತ ಕಸ್ಟಮರ್ ಬರೆದುಕೊಟ್ಟಿದ್ದು, ಆಮೇಲೆ ಮೂರೇ ಪ್ರಶ್ನೆ: ಯಾರ ಸಹಿ, ಎಷ್ಟು ಗಂಟೆಗೆ, ಸ್ಕ್ಯಾನ್ ಮಾಡಿದ ಜಿಪಿಎಸ್ ಲೊಕೇಶನ್ ಯಾವ್ದು. ಮೂರನೇದನ್ನ ಬಿಡ್ಲೇಬೇಡಿ. ಅವ್ರು ಕೊಟ್ಟ ಜಿಪಿಎಸ್ ನಂಬರನ್ನ ಗೂಗಲ್ ಮ್ಯಾಪ್ಸ್‌ಗೆ ಹಾಕಿದ್ರೆ ಪಿನ್ ಬಿದ್ದಿದ್ದು ಪಕ್ಕದ ಸೊಸೈಟಿ ಗೇಟ್ ಮೇಲೆ, ಸಹಿ ಜಾಗದಲ್ಲಿ "ವಾಚ್‌ಮನ್" ಅಂತ ಗೀಚಿತ್ತು. ಕಸ್ಟಮರ್ ಅಲ್ಲಿಗೆ ಹೋಗಿ ಆ ಟೈಮ್ ಹೇಳಿ ಗೇಟ್ ರಿಜಿಸ್ಟರ್ ತೆಗೆಸಿದ್ರು, ಪಾರ್ಸೆಲ್ ಕ್ಯಾಬಿನ್‌ನಲ್ಲೇ ಇತ್ತು. ಇದನ್ನೆಲ್ಲ ಬೇಗ ಮಾಡಿ, ತಡ ಆದ್ರೆ ಹಳೇ ಸಿಸಿಟಿವಿ ರೆಕಾರ್ಡಿಂಗ್ ಅಳಿಸಿ ಹೋಗಿರುತ್ತೆ.

ಈಗ ದುಬಾರಿ ಸೀರೆಗೆಲ್ಲ ಸ್ಪೀಡ್ ಪೋಸ್ಟ್‌ನ ಒಟಿಪಿ ಡೆಲಿವರಿ ಹಾಕ್ತೀನಿ, 5 ರೂಪಾಯಿ ಮತ್ತೆ ಜಿಎಸ್‌ಟಿ ಜಾಸ್ತಿ, ಒಟಿಪಿ ಹೇಳಿದ್ರೇನೇ ಪಾರ್ಸೆಲ್ ಕೊಡೋದು.