ಕಪಾಟು ಖಾಲಿಯಾಗುವ ಮುನ್ನ: ತಾಲೂಕು ಆಸ್ಪತ್ರೆಯಲ್ಲಿ ಔಷಧ ಕೊರತೆಯನ್ನು ನಿಭಾಯಿಸುವ ಬಗೆ

ಸರ್ಕಾರಿ ಆಸ್ಪತ್ರೆಗಳ ಬಹುಪಾಲು ಔಷಧಗಳು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಜಿಲ್ಲಾ ಉಗ್ರಾಣಕ್ಕೆ ಬಂದು, ಅಲ್ಲಿಂದ ಇಂಡೆಂಟಿನ (ಆಸ್ಪತ್ರೆ ಕಳಿಸುವ ಬೇಡಿಕೆ ಪಟ್ಟಿಯ) ಪ್ರಕಾರ ಹಂಚಿಕೆಯಾಗುತ್ತವೆ. ಟೆಂಡರ್ ತಡವಾದರೆ ಸೇಡಂನಲ್ಲಾಗಲಿ ಅಫಜಲಪುರದಲ್ಲಾಗಲಿ ಕುಳಿತ ಫಾರ್ಮಸಿ ಅಧಿಕಾರಿ ಮಾಡಬಹುದಾದದ್ದು ಏನೂ ಇಲ್ಲ. ಕೊರತೆ ಬರುವುದನ್ನು ಮೊದಲೇ ಗುರುತಿಸುವುದು, ಬಂದಾಗ ಇರುವ ಔಷಧವನ್ನು ತೀರಾ ಅಗತ್ಯವಿರುವ ರೋಗಿಗೆ ಉಳಿಸುವುದು, ಇವೆರಡು ಮಾತ್ರ ಅವರ ಕೈಯಲ್ಲಿವೆ.

ಮೊದಲನೆಯದು ಸರಾಸರಿ ಬಳಕೆಯ ಲೆಕ್ಕ. ನಮ್ಮಲ್ಲಿ ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ಮೂರು ತಿಂಗಳಲ್ಲಿ, ಅಂದರೆ 90 ದಿನಗಳಲ್ಲಿ, ರಕ್ತದೊತ್ತಡಕ್ಕೆ ಕೊಡುವ 2,700 ಆಮ್ಲೊಡಿಪಿನ್ ಗುಳಿಗೆಗಳು ಖರ್ಚಾಗಿದ್ದರೆ ದಿನಕ್ಕೆ 30 ಎಂದು ಬರೆದುಬಿಡುತ್ತೇವೆ. ಆದರೆ ಆ ಅವಧಿಯಲ್ಲಿ 30 ದಿನ ಗುಳಿಗೆಯೇ ಇರಲಿಲ್ಲವೆಂದಾದರೆ, ಆ ದಿನಗಳನ್ನು ಕಳೆದು 60ರಿಂದ ಭಾಗಿಸಬೇಕು. ಆಗ ನಿಜವಾದ ಬಳಕೆ ದಿನಕ್ಕೆ 45 ಎಂದು ತಿಳಿಯುತ್ತದೆ. ಹಳೆಯ ಲೆಕ್ಕದ ಮೇಲೆ ಇಂಡೆಂಟ್ ಹಾಕಿದ ಆಸ್ಪತ್ರೆ, ಕಳೆದ ಸಲದ ಕೊರತೆಯನ್ನು ತಾನೇ ಮುಂದಿನ ಸಲಕ್ಕೂ ಬರೆದುಕೊಟ್ಟಂತಾಗುತ್ತದೆ. ಔಷಧ ಕೈಸೇರಲು ಸಾಮಾನ್ಯವಾಗಿ 30 ದಿನ ಹಿಡಿಯುವುದಾದರೆ, ಅದಕ್ಕೆ 15 ದಿನಗಳ ಕಾಪುದಾಸ್ತಾನು (ತಡವಾದರೆ ಇರಲೆಂದು ಇಡುವ ಹೆಚ್ಚುವರಿ) ಸೇರಿಸಿ, ಒಟ್ಟು 45 ದಿನಗಳನ್ನು ದಿನದ ಬಳಕೆಯಾದ 45ರಿಂದ ಗುಣಿಸಿ. ದಾಸ್ತಾನು 2,025ಕ್ಕೆ ಇಳಿದ ದಿನವೇ ಬೇಡಿಕೆ ಹೋಗಬೇಕು.

ಎಲ್ಲ ಔಷಧಗಳನ್ನೂ ಹೀಗೆ ಒಂದೇ ಕಣ್ಣಿನಿಂದ ನೋಡಲಾಗದು. ಜೀವ ಉಳಿಸುವವುಗಳನ್ನು ವೈದ್ಯಾಧಿಕಾರಿಯೊಂದಿಗೆ ಕುಳಿತು ಬೇರೆಯೇ ಪಟ್ಟಿ ಮಾಡಿ, ಅವುಗಳನ್ನು ಪ್ರತಿದಿನ ಬೆಳಿಗ್ಗೆ ಕೈಯಿಂದ ಎಣಿಸಿರಿ. ಕಂಪ್ಯೂಟರಿನಲ್ಲಿರುವ ಅಂಕಿಯನ್ನು ನಂಬಬೇಡಿ. ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದನ್ನು ವಯಲ್‌ಗಳ (ಔಷಧದ ಪುಟ್ಟ ಸೀಸೆಗಳ) ಲೆಕ್ಕಕ್ಕಿಂತ ರೋಗಿಗಳ ಲೆಕ್ಕದಲ್ಲಿ ಎಣಿಸುವುದು ಒಳ್ಳೆಯದು. ಮೊದಲ ಡೋಸಿಗೇ ಸಾಮಾನ್ಯವಾಗಿ 8ರಿಂದ 10 ವಯಲ್ ಬೇಕಾಗುವುದರಿಂದ, ಕಪಾಟಿನಲ್ಲಿ 10 ಇವೆ ಎಂದರೆ ಒಬ್ಬರಿಗಷ್ಟೇ ಇದೆ ಎಂದರ್ಥ. ಮುಂಗಾರಿನಲ್ಲಿ ತೊಗರಿ ಬಿತ್ತನೆಗೆ ಜನ ಹೊಲಕ್ಕಿಳಿಯುವ ಮೊದಲು ಈ ದಾಸ್ತಾನು ಏರಿರಬೇಕು. ಕೀಟನಾಶಕ ಸಿಂಪಡಿಸುವ ತಿಂಗಳುಗಳಲ್ಲಿ, ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೊಪಿನ್‌ಗೂ ಇದೇ ಮಾತು ಅನ್ವಯಿಸುತ್ತದೆ, 0.6 ಮಿಲಿಗ್ರಾಂನ ಆಂಪೂಲ್‌ಗಳು ವಿಷ ಸೇವಿಸಿದ ಒಬ್ಬ ರೋಗಿಗೆ ಒಂದೇ ರಾತ್ರಿಯಲ್ಲಿ ಹತ್ತಾರು ಖರ್ಚಾಗಬಲ್ಲವು.

"ದಾಸ್ತಾನು ಇಲ್ಲ" ಎಂದು ಬರೆಯುವ ಮುನ್ನ ವಾರ್ಡುಗಳನ್ನು ಒಮ್ಮೆ ಸುತ್ತಿ ಬನ್ನಿ. ಹೆರಿಗೆ ಕೋಣೆಯ ಫ್ರಿಜ್ಜಿನಲ್ಲಿ, ತುರ್ತು ಚಿಕಿತ್ಸಾ ಟ್ರೇಗಳಲ್ಲಿ, ಶಸ್ತ್ರಚಿಕಿತ್ಸಾ ಕೋಣೆಯ ಅಲಮಾರಿನಲ್ಲಿ "ಇರಲಿ" ಎಂದು ಎತ್ತಿಟ್ಟ ಪೆಟ್ಟಿಗೆಗಳು ಸಿಗುತ್ತವೆ. ಇದಕ್ಕೆ ಸಿಸ್ಟರ್‌ಗಳನ್ನು ದೂರಬಾರದು, ಏಕೆಂದರೆ ಹಿಂದೊಮ್ಮೆ ಕೇಳಿದಾಗ ಸಿಗದಿದ್ದುದರಿಂದಲೇ ಅವರು ಕೂಡಿಟ್ಟಿರುತ್ತಾರೆ. ನಂತರ ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕರೆ ಮಾಡಿ. ಅಲ್ಲಿ ಅವಧಿ ಮುಗಿಯಲಿರುವುದು ಇಲ್ಲಿ ವಾರದಲ್ಲಿ ಖರ್ಚಾಗಬಹುದು. ಆದರೆ ಪಡೆದದ್ದಕ್ಕೆ ಬ್ಯಾಚ್ ಸಂಖ್ಯೆ ಸಹಿತ ಪತ್ರ ಇರಲೇಬೇಕು. ಇವೆಲ್ಲ ಆದ ಮೇಲೆ ಆಸ್ಪತ್ರೆಯ ಮೇಲ್ವಿಚಾರಣೆಗಿರುವ ಆರೋಗ್ಯ ರಕ್ಷಾ ಸಮಿತಿಯ ನಿಧಿಯಿಂದ ಸ್ಥಳೀಯ ಖರೀದಿಗೆ ಆಡಳಿತ ವೈದ್ಯಾಧಿಕಾರಿಯ ಮಂಜೂರಾತಿ ಕೋರಬಹುದು. ಕಡತಕ್ಕೆ ಉಗ್ರಾಣದಿಂದ ಬಂದ "ಲಭ್ಯವಿಲ್ಲ" ಎಂಬ ಲಿಖಿತ ಉತ್ತರವನ್ನು ಲಗತ್ತಿಸಿದರೆ ಲೆಕ್ಕಪರಿಶೋಧನೆಯಲ್ಲಿ ಉಸಿರಾಡಬಹುದು.

ಬದಲಿ ಔಷಧದ ತೀರ್ಮಾನ ವೈದ್ಯರದ್ದು. ಔಷಧ ವಿತರಣೆಯ ಕಿಟಕಿಯಲ್ಲಿ ಕುಳಿತವರು ಅದನ್ನು ಕೈಗೆತ್ತಿಕೊಳ್ಳಬಾರದು. ಅದರಲ್ಲೂ ಇನ್ಸುಲಿನ್ ವಿಷಯದಲ್ಲಿ ಅತಿ ಎಚ್ಚರ ಬೇಕು. ಮಿಲಿಲೀಟರಿಗೆ 40 ಯೂನಿಟ್ ಇರುವ ವಯಲ್ ಮುಗಿದು 100 ಯೂನಿಟ್‌ನದು ಬಂದಾಗ, ಮನೆಯಲ್ಲಿರುವ, 40 ಯೂನಿಟ್‌ನದಕ್ಕೆಂದೇ ಇರುವ ಕೆಂಪು ಮುಚ್ಚಳದ ಹಳೆಯ ಸಿರಿಂಜಿನಲ್ಲಿ ರೋಗಿ ಎಂದಿನಂತೆ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು 50 ಯೂನಿಟ್. ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಲು ಅಷ್ಟು ಸಾಕು. ಆದ್ದರಿಂದ 100 ಯೂನಿಟ್‌ನದಕ್ಕೆಂದೇ ಇರುವ ಕಿತ್ತಳೆ ಮುಚ್ಚಳದ ಸಿರಿಂಜ್ ಜೊತೆಗಿಲ್ಲದೆ ಆ ವಯಲನ್ನು ಕಿಟಕಿಯಿಂದ ಹೊರಗೆ ಕೊಡಲೇಬಾರದು, ಮತ್ತು ಕೊಡುವಾಗ ಗೆರೆಯನ್ನು ಬೆರಳಿಟ್ಟು ತೋರಿಸಬೇಕು.

ಗುಳಿಗೆಗಳು ಕಡಿಮೆಯಿದ್ದಾಗ ಎಲ್ಲರಿಗೂ 30 ದಿನಗಳ ಬದಲು 15 ದಿನಗಳಿಗೆ ಕೊಡುವ ರೂಢಿಯಿದೆ. ರಕ್ತದೊತ್ತಡದವರಿಗೆ ಅದು ನಡೆಯುತ್ತದೆ, ಆದರೂ ದೂರದ ತಾಂಡಾದಿಂದ ಬಂದವರಿಗೆ ಇನ್ನೊಂದು ಬಸ್ ಚಾರ್ಜು, ಒಂದು ದಿನದ ಕೂಲಿ ಹೋಯಿತೆಂಬುದನ್ನು ಮರೆಯಬಾರದು. ಮೂರ್ಛೆರೋಗದ ಗುಳಿಗೆಗಳನ್ನು ಮಾತ್ರ ಹೀಗೆ ಕತ್ತರಿಸಬೇಡಿ. ಅವು ಥಟ್ಟನೆ ನಿಂತರೆ ಮೂರ್ಛೆ ಮರುಕಳಿಸಬಹುದು. ಇವರಿಗೆಂದೇ ಒಂದಿಷ್ಟನ್ನು ಬೇರೆ ಡಬ್ಬಿಯಲ್ಲಿ ಬೀಗ ಹಾಕಿಡುವುದು ಉತ್ತಮ.

ಕೊನೆಯದಾಗಿ, ಕಿಟಕಿಯ ಬಳಿ ಒಂದು ನೋಟುಪುಸ್ತಕ ಇರಲಿ. "ಗುಳಿಗಿ ಬಂದಿಲ್ಲೇನ್ರಿ ಸರ್?" ಎಂದು ಕೇಳಿ ಬರಿಗೈಯಲ್ಲಿ ಹಿಂದಿರುಗಿದ ಪ್ರತಿಯೊಬ್ಬರಿಗೂ ಒಂದು ಸಾಲು: ದಿನಾಂಕ, ಔಷಧದ ಹೆಸರು, ಬೇಕಿದ್ದ ಪ್ರಮಾಣ. ಕೊಟ್ಟದ್ದಷ್ಟನ್ನೇ ಬರೆದಿಡುವ ಸ್ಟಾಕ್ ರಿಜಿಸ್ಟರಿನಲ್ಲಿ ಇವರ ಸುಳಿವೇ ಇರುವುದಿಲ್ಲ. ಮುಂದಿನ ವರ್ಷದ ಇಂಡೆಂಟ್ ತಯಾರಿಸುವಾಗ ಎರಡನ್ನೂ ಎದುರಿಗೆ ತೆರೆದಿಟ್ಟುಕೊಳ್ಳಿ.